ಹತ್ತರಿಂದ ಹಿಂದಕ್ಕೆ

ಮೂರರ ಮೇಲೆ ನಾಲ್ಕನೆಯದೂ ಹೆಣ್ಣಾದಾಗ
ಏಜಿಯನ್ ಕಡಲಿನ ದ್ವೀಪದಲ್ಲಿ ಬೆಸ್ತನೊಬ್ಬ
ಮಗುವಿಗೆ ಸ್ತಮಾತಿಯಾ ಎಂದು ಹೆಸರಿಟ್ಟ.
ನಿಲ್ಲು ಅಂತ ಅರ್ಥ.
ನಮ್ಮಲ್ಲಿ ಸಾಕಮ್ಮ ಅನ್ನುವುದಿಲ್ಲವೆ, ಹಾಗೆ.
ದೇವರಿಗೆ ಹೇಳಿದ್ದು, ಕೂಸಿಗಲ್ಲ.

ಈಗ ಆಕೆಗೆ ಐವತ್ತೊಂದು.
ದ್ವೀಪಕ್ಕೆಲ್ಲ ಒಬ್ಬಳೇ ಅರಿವಳಿಕೆ ತಜ್ಞೆ.
ಇನ್ನೊಬ್ಬನಿದ್ದ, ಲಾಂಬ್ರೋಸ್; ಡಾರ್ಟ್‌ಮುಂಡ್‌ಗೆ ಹೋದ.
ಹೋಗುವಾಗ ಥಿಯೇಟರಿನ ಚಪ್ಪಲಿ ಬಿಟ್ಟುಹೋದ,
ಅವಿನ್ನೂ ಅಲ್ಲೇ ಇವೆ, ಎಡಗಾಲಿನದು ಹೆಚ್ಚು ಸವೆದದ್ದು.

ಊರವರನ್ನು ಆಕೆ ಮುಖದಿಂದ ಗುರುತಿಸುವುದಿಲ್ಲ,
ಬಾಯಿ ತೆರೆಸಿ ನೋಡಿದ ಗಂಟಲಿನಿಂದ:
ಬ್ರೆಡ್ಡಿನಂಗಡಿಯ ಪರಸ್ಕೆವಾಸನ ಕಟ್ಟಿಸಿದ ಹಲ್ಲು,
ಅಂಚೆಯವಳ ಕಿರಿದಾದ ದವಡೆ,
ಪಾದ್ರಿಯ ಗಿಡ್ಡ ಕುತ್ತಿಗೆ,
ಕೊಳವೆ ಇಳಿಸುವಷ್ಟರಲ್ಲಿ ಬೆವರಿಳಿಸಿದ್ದು.
ಮೀನು ಕೊಳ್ಳುವಾಗ ಯಾರೋ ತೋಳು ಹಿಡಿಯುತ್ತಾರೆ:
"ಸೊಸೆಗೆ ಮಾರ್ಚಿಯಲ್ಲಿ ದಿನ ತುಂಬುತ್ತೆ, ನೀನಿರ್ತೀಯಲ್ಲ?"
ಇರ್ತೀನಿ ಅನ್ನುತ್ತಾಳೆ.
ದುಡ್ಡು ಕೊಟ್ಟು ಮೀನು ಅಲ್ಲೇ ಮರೆತು ಬರುತ್ತಾಳೆ.

"ಹತ್ತರಿಂದ ಹಿಂದಕ್ಕೆ ಎಣಿಸಿ." ದಿನಾ ಹೇಳುವ ಮಾತು.
ಏಳರಿಂದ ಕೆಳಗಿಳಿದವರನ್ನು ಆಕೆ ಕಂಡಿಲ್ಲ.
ರಾತ್ರಿ ಮೂರಕ್ಕೆ ತಾನೇ ಎಣಿಸಿಕೊಳ್ಳುತ್ತಾಳೆ.
ಆರು, ಐದು, ಯಾರೂ ಕಾಲಿಡದ ಊರುಗಳು,
ಸೊನ್ನೆಯನ್ನೂ ದಾಟುತ್ತಾಳೆ.
ಮೈನಸ್ ನಾನೂರರ ಹತ್ತಿರ ಎಲ್ಲೋ ಬೆಳಗಾಗುತ್ತದೆ.

ಸಚಿವಾಲಯದಿಂದ ಮೇಲ್ ಬಂದಿತ್ತು:
ಒತ್ತಡ ನಿರ್ವಹಣೆ, ಆನ್‌ಲೈನ್ ಶಿಬಿರ, ಗುರುವಾರ ನಾಲ್ಕಕ್ಕೆ.
ಗುರುವಾರ ನಾಲ್ಕಕ್ಕೆ ಆಕೆಯ ಕೈಯಲ್ಲಿ
ಯಾರದೋ ಉಸಿರಿತ್ತು.

ಮೊನ್ನೆಯದು ಯಾರಿಗೂ ಗೊತ್ತಿಲ್ಲ.
ಸಿರಿಂಜು ತುಂಬಿದ್ದಳು, ಇನ್ನೇನು ನಳಿಗೆಗೆ ಸೇರಿಸಬೇಕು,
ನರ್ಸ್ ಫೋತಿನಿ ಆಕೆಯ ಮಣಿಕಟ್ಟಿನ ಮೇಲೆ
ಮೆಲ್ಲಗೆ ಕೈಯಿಟ್ಟಳು, ಅಷ್ಟೆ.
ನೀಲಿ ಚೀಟಿ ಇರಬೇಕಾದಲ್ಲಿ ಕೆಂಪು ಚೀಟಿ.
ಇಬ್ಬರೂ ಮಾತಾಡಲಿಲ್ಲ. ಯಂತ್ರ ಉಸಿರಾಡುತ್ತಿತ್ತು.
ಆಮೇಲೆ ನಲ್ಲಿಯ ಕೆಳಗೆ ಕೈ ತೊಳೆದಳು,
ತೊಳೆದದ್ದನ್ನೇ ತೊಳೆದಳು. ಅಳು ಬರಲಿಲ್ಲ.
ಇಪ್ಪತ್ತಾರು ವರ್ಷ ಪರರ ಅರಿವು ಅಳಿಸಿದರೆ
ಕೈಗೆ ಒಂದಿಷ್ಟು ಮೆತ್ತಿಕೊಳ್ಳುತ್ತದೇನೋ.

ಇವತ್ತು ಉತ್ತರದ ಗಾಳಿ. ಹಡಗಿಲ್ಲ, ಹೆಲಿಕಾಪ್ಟರಿಲ್ಲ.
ಮನೆಯ ಮುಂದೆ ಕಾರಿನಲ್ಲೇ ಕೂತಿದ್ದಾಳೆ,
ಕೀಲಿ ತೊಡೆಯ ಮೇಲೆ,
ಇಳಿಯುವುದಕ್ಕೂ ಯಾರಾದರೂ ಸಹಿ ಹಾಕಬೇಕೆಂಬಂತೆ.

ಫೋನು ಹೊಡೆದುಕೊಂಡಿತು. ಆಸ್ಪತ್ರೆ ಗೇಟಿನ ಸ್ತ್ರಾತೋಸ್:
"ಏನಿಲ್ಲ ಡಾಕ್ಟರೇ, ಗಾಳಿ ಜೋರಲ್ಲವಾ,
ಲೈನು ಇದೆಯೋ ಇಲ್ಲವೋ ನೋಡಿದೆ."

ಸ್ವಲ್ಪ ಹೊತ್ತು ಬರೀ ಗಾಳಿ, ಎರಡೂ ಕಡೆ.

"ಇದೆ," ಅಂದಳು.
ಇದ್ದೇನೆ ಅನ್ನಲಿಲ್ಲ.