ಹೆಬ್ಬೆರಳ ಕೆಳಗಿನ ಶತ್ರು

ಶಿಡ್ಲಘಟ್ಟದಲ್ಲಿ, ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ,
ಬೇಕರಿಯ ಮೇಲೊಂದು ಕೋಣೆ.
ಬಾಡಿಗೆ ಕಡಿಮೆ. ಮಧ್ಯಾಹ್ನ ದಾಟಿದರೆ
ಬೆಂದ ಹುಳುವಿನ ವಾಸನೆ ಮೆಟ್ಟಿಲೇರಿ ಬಂದು
ದಿಲ್‌ಪಸಂದಿನ ವಾಸನೆಯನ್ನು ಸೋಲಿಸುತ್ತದೆ.
ಅಲ್ಲಿ ಕೂತು ನಾವು ಮೂವರು
ಒಂದು ಯುದ್ಧವನ್ನು ಚಿಕ್ಕದು ಮಾಡುತ್ತಿದ್ದೆವು.

ಐವರಿಗೆ ಐವರು. ಎರಡು ಕೋಟೆ, ನಡುವೆ ಕಲ್ಯಾಣಿ.
ಏಳು ವರ್ಷ ಕಂಪ್ಯೂಟರಿನಲ್ಲಿ ನಡೆದ ಕದನ.
ನನ್ನ ಹಳೆಯ ಕೀಲಿಮಣೆಯಲ್ಲಿ
ಡಬ್ಲ್ಯೂ, ಎ, ಎಸ್, ಡಿ ಅಳಿಸಿಹೋಗಿವೆ,
ನಾಲ್ಕು ಅಕ್ಷರ ಸವೆದರೂ ಬೆರಳಿಗೆ ದಾರಿ ತಪ್ಪಿರಲಿಲ್ಲ.
ಎಡಗೈ ಓಡುತ್ತಿತ್ತು, ಬಲಗೈ ಕೊಲ್ಲುತ್ತಿತ್ತು,
ಕಣ್ಣು ದೂರ ಕೂತು ನೋಡುತ್ತಿತ್ತು.

ಟ್ಯಾಬ್ಲೆಟ್ಟಿಗೆ ಇಳಿಸಿದ ಮೇಲೆ
ಕಣ್ಣಿಗೂ ಕೈಗೂ ಒಂದೇ ಜಾಗ,
ಒಂದೇ ಕೋಣೆಯಲ್ಲಿ ಎರಡು ಸಂಸಾರ.
ಹೊಡೆಯಬೇಕಾದವನ ಮೇಲೆ ಹೆಬ್ಬೆರಳಿಟ್ಟರೆ
ಅವನು ಕಾಣುವುದಿಲ್ಲ.
ಬೆರಳೆತ್ತಿದರೆ
ಅವನು ಅಲ್ಲಿಲ್ಲ.

ಚೌಡರೆಡ್ಡಿ ಗುಂಡಿಗಳನ್ನು ದೊಡ್ಡದು ಮಾಡಿದ,
ರಣರಂಗ ಗುಂಡಿಗಳ ನಡುವಿನ ಸಂದಿಯಾಯಿತು.
ಸುಗುಣ ಗುರಿಗೆ ಅಯಸ್ಕಾಂತ ಕಟ್ಟಿದಳು,
ಬಾಣ ತಾನಾಗಿ ಹೋಗಿ ಎದೆ ಹುಡುಕಿಕೊಳ್ಳುತ್ತಿತ್ತು.
ಇಲಿ ಹಿಡಿದು ಪಳಗಿದ ಹಳಬರು ಉಗಿದರು:
ಇದೇನು ಆಟವೋ, ತುತ್ತು ಮಾಡಿ ಉಣ್ಣಿಸುವುದೋ?
ಹೀಗೆ ಹದಿನಾರು ವಾರ.

ಪರೀಕ್ಷೆಗೆ ಬೀದಿಯ ಹುಡುಗರನ್ನು ಕರೆದೆವು,
ಗಂಟೆಗೊಂದು ಎಗ್ ಪಫ್ ಕೂಲಿ.
ಇಲಿಯಾಸ್ ಬಂದವನು ಹೋಗಲೇ ಇಲ್ಲ.
ನಾಲ್ಕನೇ ದಿನ ಅವನ ಕಿವಿ ಹಿಂಡಲು
ಅವನಮ್ಮ ಹಾಜಿರಾಬಿ ಮೆಟ್ಟಿಲು ಹತ್ತಿ ಬಂದಳು,
ಮೊಣಕೈವರೆಗೆ ಒದ್ದೆ, ತಲೆಯ ಸೆರಗಿಗೆ ಎರಡು ಎಳೆ ರೇಷ್ಮೆ ಅಂಟಿತ್ತು.

ನೋಡಮ್ಮೀ ಎಂದು ಮಗ ಟ್ಯಾಬ್ಲೆಟ್ ಹಿಡಿದ.
ಮುಟ್ಟಿದಳು. ಏನೂ ಆಗಲಿಲ್ಲ.
ಕೈ ಒರೆಸಿಕೊಂಡು ಇನ್ನೊಂದು ಬೆರಳು. ಇಲ್ಲ.
ಇಪ್ಪತ್ತೆರಡು ವರ್ಷ ಕುದಿನೀರಲ್ಲಿ ಅದ್ದಿ ಅದ್ದಿ
ಗೆರೆ ಕರಗಿದ ಬೆರಳು ಅದು.
ರೇಷನ್ ಅಂಗಡಿಯ ಯಂತ್ರಕ್ಕೂ ನನ್ನ ಗುರುತು ಸಿಗೋದಿಲ್ಲ,
ಇದಕ್ಕೇನು ಸಿಗುತ್ತೆ, ಎಂದು ನಕ್ಕಳು.

ನಾನು ಸುಮ್ಮನಿರಲಾರದೆ ಕೇಳಿದೆ:
ಅಷ್ಟು ಬಿಸಿ ಬಟ್ಟಲಲ್ಲಿ, ಅಷ್ಟು ಹಬೆಯಲ್ಲಿ,
ಕೂದಲಿಗಿಂತ ಸಣ್ಣ ಎಳೆಯ ತುದಿ ಹೇಗೆ ಹುಡುಕುತ್ತೀರಿ?

ಹುಡುಕಬಾರದಪ್ಪಾ.
ಗೂಡಿನ ಮೇಲೇ ಬೆರಳಿಟ್ಟರೆ ಅದು ಮುಳುಗುತ್ತೆ.
ಪಕ್ಕದಲ್ಲಿ ನೀರು ತಿರುವಬೇಕು, ಸುಮ್ಮನೆ.
ಎಳೆ ತಾನೇ ಬರುತ್ತೆ.

ಅಷ್ಟರಲ್ಲಿ ತೆರೆಯೊಳಗೆ ಯಾರೋ ಸತ್ತ,
ಎಂಟು ಸೆಕೆಂಡಿಗೆ ಮತ್ತೆ ಎದ್ದ.
ಅವಳು ಬಾಯಿಗೆ ಸೆರಗು ಹಿಡಿದಳು:
ನಮ್ಮ ಹುಳುಗಳಿಗೆ ಹೇಳಬೇಡ ಇದನ್ನ.

ಆ ರಾತ್ರಿ ಎಲ್ಲ ಕಿತ್ತು ಹೊಸದಾಗಿ ಬರೆದೆವು.
ಮುಟ್ಟಿದಲ್ಲಿಗೆ ಗುರಿ ಹೋಗಬಾರದು,
ಎಲ್ಲೋ ಖಾಲಿಯಲ್ಲಿ ಬೆರಳು ಸರಿದಷ್ಟು
ಇನ್ನೆಲ್ಲೋ ಗುರಿ ಸರಿಯಬೇಕು.
ಮುಂಜಾನೆ ಮೊದಲ ಲಾಟಿನ ಕೂಗು ಕೇಳುವ ಹೊತ್ತಿಗೆ
ಹೆಬ್ಬೆರಳ ಪಕ್ಕದಲ್ಲಿ ಶತ್ರು ಪೂರ್ತಿ ಕಂಡ,
ಪಾಪ, ಮೀಸೆ ಸಮೇತ.

ಇದನ್ನು ದೊಡ್ಡ ಕಂಪನಿಗಳು ಎಂದೋ ಮಾಡಿವೆ
ಎಂದು ಚೌಡರೆಡ್ಡಿ ವಾರದ ಮೇಲೆ ಪತ್ತೆ ಹಚ್ಚಿದ.
ಮಾಡಿರಲಿ.
ನಮಗದು ಬಟ್ಟಲಿಂದ ಬಂತು.

ಬಿಡುಗಡೆಯ ಸಂಜೆ, ಇಲಿಯಾಸ್ ಬೆರಳಲ್ಲಿ, ಎದುರಾಳಿ ಇಲಿಯಲ್ಲಿ.
ಹನ್ನೊಂದಕ್ಕೆ ನಾಲ್ಕು. ಸೋಲೇ.
ಆ ನಾಲ್ಕರಲ್ಲಿ ಒಂದು ಹೊಡೆತಕ್ಕೆ ಮಾತ್ರ
ಸುಗುಣ ಕುರ್ಚಿ ಬಿಟ್ಟು ಎದ್ದು ನಿಂತಳು,
ಅಯಸ್ಕಾಂತ ಇರಲಿಲ್ಲ ಅದರಲ್ಲಿ.

ಕೆಳಗೆ, ಬೇಕರಿಯ ಬಾಗಿಲಲ್ಲಿ ಹಾಜಿರಾಬಿಯ ದನಿ:
ಇನ್ನೂ ಮುಗಿಲಿಲ್ವೇನೋ?
ಸತ್ತಿದ್ದೀನಿ ಅಮ್ಮೀ, ಎಂಟು ಸೆಕೆಂಡು!
ಎಣಿಸ್ತೀನಿ ಹಾಗಾದ್ರೆ.
ಎದ್ದ ತಕ್ಷಣ ಇಳಿದು ಬಾ,
ನೀರು ಆರುತ್ತಿದೆ.