ಸೀಟಿನ ಕೆಳಗೆ

"ಆಂಟೀ, ಬತ್ತಿ ಆರಿಸಿದ ವಾಸನೆ" ಅಂತ
ಮೊದಲು ಹೇಳಿದವಳು ಎರಡನೇ ಕ್ಲಾಸಿನ ಯಶಿಕಾ.
ಹದಡಿ ರೋಡಿನ ಸಿಗ್ನಲ್ಲಿನಲ್ಲಿ ನಿಂತಾಗಲೇ ಅದು ಬರುವುದು.
ಓಡುವಾಗ ಗಾಳಿಯ ಪಾಲು, ನಿಂತರೆ ನಮ್ಮದು.

ಪಿ.ಬಿ. ರೋಡಿನ ದಸ್ತಗೀರ್ ಸಾಬರು ಬಗ್ಗಿ ನೋಡಿ
"ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗೈತೆ ಚೌಡಕ್ಕ,
ಎಣ್ಣೆ ಜಿನುಗಿ ಕಾದ ಪೈಪಿನ ಮೇಲೆ ಬೀಳತೈತೆ.
ಪ್ಯಾಕಿಂಗಿಗೆ ನೂರಾಹತ್ತು, ಕೂಲಿ ಐನೂರು" ಅಂದರು.
ನೂರಾಹತ್ತನ್ನಷ್ಟೇ ಎಣಿಸಿ ಕೊಟ್ಟೆ.
ನಕ್ಕು, ರಬ್ಬರಿನ ಜೊತೆ ಒಂದು ಮಾತನ್ನೂ ಪೇಪರಿನಲ್ಲಿ ಸುತ್ತಿಕೊಟ್ಟರು:
"ಬಿಗಿ ಮಾಡಾಕೆ ಎಲ್ಲರಿಗೂ ಬರತೈತೆ.
ಎಲ್ಲಿ ನಿಲ್ಲಿಸಬೇಕು, ಅದು ನೋಡ್ರಿ."

ಭಾನುವಾರ. ನಿಟ್ಟುವಳ್ಳಿಯ ನಮ್ಮ ಓಣಿ ಇನ್ನೂ ಹಲ್ಲುಜ್ಜುತ್ತಿದೆ.
ನಮ್ಮನೆಯವರು ನಾಲ್ಕಕ್ಕೇ ಎದ್ದು ಹೋಟೆಲಿನ ಹಂಚಿಗೆ ಹೋದರು;
ಇವತ್ತು ದೋಸೆಗೆ ಸಾಲು ಬೀದಿಗೆ ಬರುತ್ತದೆ.
ನಾನು ಅವರ ಹಳೆ ಅಂಗಿ ಸೀರೆಯ ಮೇಲೇ ತೊಟ್ಟೆ.

ಓಮ್ನಿಗೆ ಮೂತಿಯಿಲ್ಲ. ಎಂಜಿನ್ ಇರುವುದು ಸೀಟಿನ ಕೆಳಗೆ.
ಆರು ವರ್ಷ ಒಲೆಯ ಮೇಲಿನ ಪಾತ್ರೆಯಂತೆ ಕೂತಿದ್ದೇನೆ,
ಕೆಳಗೇನು ಉರಿಯುತ್ತದೆಂದು ಬಗ್ಗಿ ನೋಡದೆ.

ಸೀಟು ಎತ್ತಿದೆ. ಹತ್ತರ ಸ್ಪ್ಯಾನರು.
ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ
ಇಡ್ಲಿ ತಟ್ಟೆಯ ಗುಣಿಗಳಲ್ಲಿಟ್ಟೆ.
ಕವರು ಮಾತ್ರ ಏಳಲೊಲ್ಲದು.
ಲಟ್ಟಣಿಗೆ ತಂದು ಸುತ್ತಲೂ ತಟ್ಟಿದೆ, ಮೆಲ್ಲಗೆ,
ಮಲಗಿದ ಮಗುವಿನ ಬೆನ್ನು ತಟ್ಟುವಷ್ಟು, ಆಮೇಲೆ ಸ್ವಲ್ಪ ಜೋರಾಗಿ.
ಚಪ್ಪೆಂದು ಬಾಯಿಬಿಟ್ಟಿತು.

ಜೋನಿಬೆಲ್ಲದ ಬಣ್ಣದ ಎಣ್ಣೆಯಲ್ಲಿ ಮಿಂದ ಉಕ್ಕು.
ಇಷ್ಟು ಚೊಕ್ಕವಾಗಿರುತ್ತದೆಂದು ಯಾರೂ ಹೇಳಿರಲಿಲ್ಲ.
ಕೇಳದೆ ಬಾಣಂತಿ ಕೋಣೆಗೆ ಇಣುಕಿದವಳಂತೆ
ಒಂದು ಗಳಿಗೆ ಸುಮ್ಮನೆ ನಿಂತೆ.

ಹಳೆ ಪ್ಯಾಕಿಂಗ್ ಒಣ ಹುಣಸೆ ಸಿಪ್ಪೆ. ಮುಟ್ಟಿದರೆ ಮುರಿಯಿತು.
ಬ್ಲೇಡು ಬೇಡ, ಅಲ್ಯುಮಿನಿಯಂ ಗೀರುತ್ತದೆ;
ಹೋದ ವರ್ಷದ ಯಾರದೋ ಐಡಿ ಕಾರ್ಡಿತ್ತು,
ಫೋಟೋದ ಕಡೆ ಹಿಡಿದು ಇನ್ನೊಂದು ಅಂಚಿನಿಂದ ಕೆರೆದೆ.
ಹೊಸದು ತನ್ನ ಗೆರೆಯಲ್ಲಿ ತಾನೇ ಕೂತಿತು.

ಬೋಲ್ಟು ಹಾಕುವಾಗ ನೋಡಿದರೆ ನಾಲ್ಕನೇ ಗುಣಿಯಲ್ಲಿ ವಾಷರಿಲ್ಲ.

ಒಳಗೆ ಬಿತ್ತೇ?
ಎದೆ ಧಸಕ್ಕೆಂದಿತು. ಕವರು ಮತ್ತೆ ತೆಗೆದೆ.
ಮೊಬೈಲಿನ ಬೆಳಕು ಹಿಡಿದು ಸಂದುಸಂದಿನಲ್ಲಿ ಹುಡುಕಿದೆ, ಇಲ್ಲ.
ಸೀಟಿನಡಿ ಕೈಯಾಡಿಸಿದೆ:
ಪೆನ್ಸಿಲ್ ಮೋಟು, ಹೇರ್‌ಪಿನ್ನು, ಒಣಗಿದ ದ್ರಾಕ್ಷಿ,
ಒಂದು ರೂಪಾಯಿ,
ನೋಟುಬುಕ್ಕಿನ ಹಾಳೆಯಲ್ಲಿ ಮಡಿಸಿದ ಒಂದು ಹಾಲುಹಲ್ಲು.

ಜೂನಿನಲ್ಲಿ ಯಶಿಕಾ ಕಳಕೊಂಡು ಅತ್ತದ್ದು.
ಅವತ್ತು ಗಾಡಿ ನಿಲ್ಲಿಸಿ ಎಲ್ಲರೂ ಹುಡುಕಿದ್ದೆವು,
ಬೆಲ್ಲು ಹೊಡೆದು ಹೋಗಿ ಬೈಸಿಕೊಂಡಿದ್ದೆವು.
ಇಷ್ಟು ದಿನ ಅದೂ ನನ್ನಂತೆ
ಈ ಕಾವಿನ ಪಕ್ಕ ಊರೆಲ್ಲ ಸುತ್ತಿದೆ.

ವಾಷರು ಅಂಗಿಯ ಮಡಿಸಿದ ತೋಳಿನಲ್ಲಿತ್ತು.

ನಡುವಿನದು ಮೊದಲು, ಆಮೇಲೆ ಎದುರುಬದುರು,
ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪ.
ಕೈ ಇನ್ನೊಂದು ಸುತ್ತು ಕೇಳಿತು.
ಕೊಡಲಿಲ್ಲ.

ಮೂರಕ್ಕೆ ಬಂದರು ನಮ್ಮನೆಯವರು, ಮೈಯೆಲ್ಲ ಬೆಣ್ಣೆ ಹೊಗೆ.
"ನನ್ನ ಅಂಗಿ!" ಅಂದರು. ಆಮೇಲೆ ಗಾಡಿಯ ಕಡೆ ನೋಡಿ ಸುಮ್ಮನಾದರು.
ಬಚ್ಚಲಲ್ಲಿ ಒಂದೇ ಸೋಪಿನ ಬಿಲ್ಲೆ,
ಮೊದಲು ಅವರು ಬಿಳಿಯಾಗಿಯೇ ಬಿಟ್ಟದ್ದು, ನನ್ನ ಕೈಗೆ ಬಂದು ಕಪ್ಪಾಯಿತು.

ಸೋಮವಾರ ಸಿಗ್ನಲ್ಲಿನಲ್ಲಿ ನಿಂತೆವು. ಕೆಂಪು ಎಂಬತ್ತು ಸೆಕೆಂಡು.
ಯಾರೂ ಮೂಗು ಮುಚ್ಚಲಿಲ್ಲ, ಯಾರೂ ಏನೂ ಅನ್ನಲಿಲ್ಲ.
ಕನ್ನಡಿಯಲ್ಲಿ ಅವಳನ್ನು ನೋಡಿ ಪೊಟ್ಟಣ ಹಿಂದಕ್ಕೆ ಕೊಟ್ಟೆ.
ಬಿಚ್ಚಿದಳು. ತಿರುಗಿಸಿ ನೋಡಿದಳು.
ನಾಲಿಗೆ ತುದಿಯಿಂದ ಅರ್ಧ ಬಂದ ಹೊಸ ಹಲ್ಲನ್ನು ಮುಟ್ಟಿಕೊಂಡಳು.
"ಇದು ನಂದಲ್ಲ ಆಂಟಿ, ನನ್ ಹಲ್ಲು ಇಷ್ಟು ಚಿಕ್ಕದಿರಲಿಲ್ಲ."

ರಾತ್ರಿ ಗಾಡಿಯಡಿಗೆ ಹಾಸಿದ ಪೇಪರನ್ನು
ಇವತ್ತು ಬೆಳಿಗ್ಗೆ ಎಳೆದು ನೋಡಿದೆ.
ಒಂದೇ ಒಂದು ಹನಿ.
ಹಳೆಯದು ಉಳಿದಿದ್ದೋ, ಹೊಸದೋ,
ನಾಳೆಯೂ ಹಾಸಿದರೆ ತಿಳಿಯುತ್ತದೆ.