ಸೊಟ್ಟ ಏಳು

ಸಂಜಿ ಆರೂವರಿ. ಕರೇ ಕನ್ನಡಕ ಹಣಿಮ್ಯಾಲೆ ಸರಿಸಿ
ಚಾ ಬಸೀಗೆ ಸುರುವಿಕೊಳ್ಳೂವಾಗ ಫೋನು.
ಗುರ್ತಿಲ್ಲದ ನಂಬರು. ಗಬ್ಬೂರ ಕ್ರಾಸಿನ ಲಾರಿ ಸಪ್ಪಳದಾಗ
ಅರ್ಧ ಮಾತು ಕೇಳತಿತ್ತು, ಅರ್ಧ ಇಲ್ಲ.
'ಹಜರೇಸಾಬ್ ಯಾರು? ಹುಬ್ಬಳ್ಳಿಯವರು?'
ಹಿಂದಿ. ನಮ್ಮ ಹಿಂದಿ ಅಲ್ಲ, ಇಸ್ತ್ರಿ ಮಾಡಿದ್ದು.
'ಸುನೌಲಿ ಗಡಿಯಿಂದ. ನೇಪಾಳದ ಬಾಗಲಾ.'

ಗಡಿ ಅಂದರ ನನಗ ಗೊತ್ತಿದ್ದದ್ದು
ನನ್ನ ಶೆಡ್ಡಿಗೂ ಬಾಜೂ ಟಯರ್ ಅಂಗಡಿಗೂ ನಡುವಿನ
ಒಂದೂವರಿ ಫೂಟಿನ ಗಟಾರ.
ಅವರ ಜಾಕು ಇತ್ತಾಗ ಬಂದರ ಜಗಳ,
ನನ್ನ ಕಿಡಿ ಅತ್ತಾಗ ಹಾರಿದರ ಜಗಳ,
ರಮಜಾನಿನ್ಯಾಗ ಸುರಕುಂಬಾ ಮಾತ್ರ ಸುಮ್ಮನ ದಾಟತದ.

ಸುಗಂಧಾ ಅಕ್ಕೋರು ಬಂದದ್ದು ಚೌಕಡಿ ವಹಿ ಹಿಡಕೊಂಡು.
ಹತ್ತು ಫೂಟು ಉದ್ದ, ಐದೂವರಿ ಅಗಲ,
ಎರಡು ಗಾಲಿ, ಮಡಚೋ ಒಲಿ, ಇಬ್ಬರು ಮಲಗೂವಷ್ಟು ಅಟ್ಟ.
'ಮೂವತ್ತೊಂದು ವರ್ಷ ಭೂಗೋಳ ಕಲಿಸೇನಿ ಹಜರೇಸಾಬ್,
ಬೋರ್ಡಿನ ಕಡೆ ನೋಡದ ನಕಾಶಿ ತಗೀತೇನಿ.
ಗಡಿಗೆ ಕೆಂಪು ಸುಣ್ಣಕಡ್ಡಿ. ಎಷ್ಟು ಎಳದೆ, ಎಷ್ಟು ಒರಸಿದೆ,
ಒಂದಪಾ ಅದರ ಮ್ಯಾಲೆ ಗಾಲಿ ಹತ್ತಿಸಬೇಕು.'
ಸಂಗಾಟ ತಂಗಿ ಕುಸುಮಕ್ಕ, ಕೆಂಪು ಬಸ್ಸಿನ ಕಂಡಕ್ಟರ್ ಇದ್ದಾಕಿ.
ಬೊಲೆರೊ ಹಿಂದಕ್ಕ ಬರೂವಾಗೆಲ್ಲಾ
ಪತ್ರಾ ಬಡದು 'ರೈಟ್ ರೈಟ್' ಅಂತಾಳ,
ರಿಟಾಯರ್ ಆದದ್ದು ಆಕಿ ಕೈಗೆ ಇನ್ನೂ ಗೊತ್ತಾಗಿಲ್ಲ.

ಕಾರವಾರ ರೋಡಿನ ಗುಜರಿಯೊಳಗ ಆಕ್ಸಲ್ ಸಿಕ್ತು.
ಎರಡಿಂಚಿನ ಚೌಕ ಪೈಪು ಕೊಯ್ದೆ, ಕೂಡಿಸಿದೆ, ಉಜ್ಜಿದೆ.
ಆಫೀಸಿನವರು ಕೊಟ್ಟ ನಂಬರು ಬಡಿಯೂ ದಿನ
ಪಂಚಿನ ಡಬ್ಬಿಯೊಳಗ ಏಳು ಇಲ್ಲ.
ಫಕ್ಕೀರೇಶ ಎಲ್ಲಿ ಕೆಡವಿದನೋ, ಕೇಳಿದರ ತಲಿ ಕೆರಕೊಂಡ.
ಚಾಣ ತಗೊಂಡು ಅಡ್ಡ ಒಂದು ಏಟು ಹಾಕಿದೆ,
ಉದ್ದಕ ಒಂದು ಹಾಕೂ ಹೊತ್ತಿಗೆ
ಅಕ್ಕೋರು ಮೆಲ್ಲಕ ಕೇಳಿದರು,
'ಅಲ್ಲೆ ನಮ್ಮನ್ನ ತಡದರ?'
ಚಾಣ ಜಾರಿತು.

ಈಗ ಆ ಮನಿಷ್ಯಾ ಅದನ್ನೇ ಕೇಳತಾನ:
'ಎಲ್ಲಾ ಅಂಕಿ ಒಂದು ನಮೂನಿ, ಏಳು ಸೊಟ್ಟ. ತಿದ್ದೀರಿ?'
ಕಡಕ್ ರೊಟ್ಟಿ ನೂರಾ ಇಪ್ಪತ್ತು ಎಣಿಸ್ಯಾನಂತ.
ಗುರೆಳ್ಳ ಹಿಂಡಿ ನೋಡಿ 'ಈ ಕರೇ ಪುಡಿ ಏನು' ಅಂದದ್ದಕ್ಕ
ಕುಸುಮಕ್ಕ ಅಂಗೈಯಾಗ ಹಾಕಿ 'ನೆಕ್ಕು' ಅಂದಳಂತ.
ಕೆಮ್ಮು ಇನ್ನೂ ಇತ್ತು ದನಿಯೊಳಗ.
'ಪೈಪಿಗೆ ಎರಡೂ ಕಡೆ ಬೆಸಿಗಿ ಹಾಕೀರಲ್ಲಾ, ಒಳಗೇನೈತಿ?'

ಹವಾ, ಸಾಹೇಬರ.
ಹೋದ ತಿಂಗಳ ಒಂದು ಮಂಗಳವಾರದ ಹುಬ್ಬಳ್ಳಿ ಹವಾ.
ಕಮರಿದ ರಬ್ಬರ್, ಮಿರ್ಚಿ ಕರದ ಎಣ್ಣಿ, ನನ್ನ ಉಸರೂ ಒಂಚೂರು ಇದ್ದೀತು.
ಕೊಯ್ದು ನೋಡಿದರ ನಿಮಗ ಸಿಗಾಣಿಲ್ಲ.
ಇಷ್ಟೆಲ್ಲಾ ಮನಸಿನ್ಯಾಗ ಅಂದೆ. ಬಾಯಿಗೆ ಬಂದದ್ದು
'ಹವಾ' ಒಂದೇ.

ಮತ್ತ ಏಳು?
ಕಳದ ಪಂಚು, ಜಾರಿದ ಚಾಣ, ಅಕ್ಕೋರ ಪ್ರಶ್ನೆ
ಇಸ್ತ್ರಿ ಹಿಂದಿಯೊಳಗ ಹೆಂಗ ಹೇಳೋದು?
ಉಳದ ಅಂಕಿ ಎಲ್ಲಾ ಡಬ್ಬಿಯವು, ಇದೊಂದು ಕೈದು.
'ಓ ಸಾತ್ ಮೇರಾ ಹೈ ಸಾಬ್' ಅಂದೆ.
ಏಳು ಅಂದರೂ ಸಾತ್, ಜೋಡಿ ಅಂದರೂ ಸಾತ್,
ನಮ್ಮ ಹುಬ್ಬಳ್ಳಿ ನಾಲಿಗಿಗೆ ಎರಡೂ ಒಂದೇ.
ಅವ ಯಾವುದು ಕೇಳಿಸಿಕೊಂಡನೋ.

ಫೋನು ಕಟ್ ಮಾಡೂದು ಮರತಿದ್ದ.
ಅತ್ತಾಗೂ ಲಾರಿ ಹಾರ್ನು, ಇಲ್ಲಿದ್ದಂಥಾದ್ದ.
ಠಸ್ಸಿ ಬಡದ ಸಪ್ಪಳ, ಒಂದು, ಎರಡು.
ಆಮ್ಯಾಲೆ ದೂರದಾಗ, ಪತ್ರಾ ಬಡಿಯೂ ಕೈ:
'ರೈಟ್... ರೈಟ್...'

ಬಸಿಯಾಗಿನ ಚಾಕ್ಕ ಕೆನಿ ಕಟ್ಟಿತ್ತು.
ಗ್ರೈಂಡರ್ ಪಕ್ಕ ಕುಕ್ಕರಗಾಲಿಲೆ ಕುಂತ ಫಕ್ಕೀರೇಶ
'ಏನು ದಾಟಿತು ಕಾಕಾ?' ಅಂದ.
'ಏಳು' ಅಂದೆ.
ಹುಡುಗ ಚಡ್ಡಿ ಝಾಡಿಸಿಕೊಂಡು
ಎದ್ದು ನಿಂತ.